ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಲೋಕಪರಿಚಯ: ಇತಿಹಾಸ

ಮೇಜಿನ ಸುತ್ತ ಕುಳಿತು, ಮಾತು ಮತ್ತು ದಾಳಗಳಿಂದ ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಒಬ್ಬರು ಆಟ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರ ವಹಿಸುತ್ತಾರೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಗುವ ಇಂಥ ಕಥೆಗೆ ಕ್ಯಾಂಪೇನ್ ಎಂದು ಹೆಸರು. ಅದು ನಡೆಯುವ ಕಲ್ಪಿತ ಲೋಕದಲ್ಲೇ ಪಾತ್ರ ಹುಟ್ಟಿ ಬೆಳೆದಿರುತ್ತದೆ. ಪಾತ್ರ ವಹಿಸಿದವನಿಗೆ ಮಾತ್ರ ಆ ಲೋಕ ಅಪರಿಚಿತ. ತಾಳಮದ್ದಳೆಯ ಅರ್ಥಧಾರಿಯೂ ಮಾತನ್ನು ಅಲ್ಲಲ್ಲೇ ಕಟ್ಟುತ್ತಾನೆ, ಆದರೆ ಕರ್ಣನ ಹುಟ್ಟು ಯಾವುದೆಂದು ಅವನಿಗೂ ಸಭೆಗೂ ಮೊದಲೇ ಗೊತ್ತು. ಇಲ್ಲಿ ಆ ಅನುಕೂಲವಿಲ್ಲ. ಹೊಸಬರನ್ನು ಆ ಲೋಕದೊಳಕ್ಕೆ ಕರೆತರಲು ಐವತ್ತಕ್ಕೂ ಹೆಚ್ಚು ವರ್ಷಗಳಿಂದ ನಾನಾ ಉಪಾಯಗಳು ನಡೆದಿವೆ.

ಮೊದಲ ಉಪಾಯ ಕಿವಿಮಾತು. ಅಮೆರಿಕದ ಮಿನೆಸೋಟದಲ್ಲಿ ಯುದ್ಧದಾಟಗಳನ್ನು ಆಡುತ್ತಿದ್ದ ಗುಂಪೊಂದಕ್ಕೆ 1969ರಲ್ಲಿ ಡೇವಿಡ್ ವೆಸ್ಲಿ ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಪಟ್ಟಣವನ್ನು ಒಡ್ಡಿದರು. ಸೇನಾಪತಿಗಳ ಜೊತೆಗೆ ಊರಿನ ಬ್ಯಾಂಕರ್, ವಿಶ್ವವಿದ್ಯಾಲಯದ ಕುಲಪತಿಯಂಥ ಪಾತ್ರಗಳೂ ಇದ್ದವು. ಪ್ರತಿಯೊಬ್ಬ ಆಟಗಾರನಿಗೂ ಅವನ ಗುರಿ ಏನೆಂದು ಬೇರೆಬೇರೆಯಾಗಿ ತಿಳಿಸಲಾಗಿತ್ತು. ಅದೇ ಗುಂಪಿನ ಡೇವ್ ಆರ್ನೆಸನ್ 1971ರ ಸುಮಾರಿಗೆ ಬ್ಲ್ಯಾಕ್‌ಮೂರ್ ಎಂಬ ಲೋಕ ಕಟ್ಟಿದರು. ಊರಿನ ಸುದ್ದಿ, ಗಾಳಿಮಾತುಗಳನ್ನೆಲ್ಲ ಅವರು ಒಂದು ನಕಲಿ ಪತ್ರಿಕೆಯ ರೂಪದಲ್ಲಿ ಗೆಳೆಯರಿಗೆ ಹಂಚುತ್ತಿದ್ದರು. ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಗ್ಯಾರಿ ಗೈಗ್ಯಾಕ್ಸ್ ತಮ್ಮ ಗ್ರೇಹಾಕ್ ಕೋಟೆಯ ನೆಲಮಾಳಿಗೆಗೆ ಮೊದಲು ಇಳಿಸಿದ್ದು ಸ್ವಂತ ಮಕ್ಕಳನ್ನೇ. ಈ ಇಬ್ಬರೂ ಸೇರಿ 1974ರಲ್ಲಿ ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪೆಟ್ಟಿಗೆಯಲ್ಲಿ ನಿಯಮಗಳಿದ್ದವು, ವರ್ಣಿತ ಲೋಕ ಇರಲಿಲ್ಲ. ಅದನ್ನು ಕೊಂಡವರೇ ಕಟ್ಟಿಕೊಳ್ಳಬೇಕಿತ್ತು. ಬಾಗಿಲು ತೆರೆದು ಒಳಗೆ ನಡೆದಷ್ಟೇ ಆಟಗಾರನಿಗೆ ಲೋಕದ ಅರಿವು.

ಸಿದ್ಧ ಲೋಕವೊಂದು ಮುದ್ರಣದಲ್ಲಿ ಬಂದಾಗ ತೊಡಕು ಎದುರಾಯಿತು. ಎಂ. ಎ. ಆರ್. ಬಾರ್ಕರ್ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಉರ್ದು ಮತ್ತು ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕರಾಗಿದ್ದರು. ಅವರ ಟೆಕುಮೆಲ್ ಲೋಕದ ಆಟ ‘ಎಂಪೈರ್ ಆಫ್ ದ ಪೆಟಲ್ ಥ್ರೋನ್’ 1975ರಲ್ಲಿ ಪ್ರಕಟವಾಯಿತು. ಸ್ವಂತ ಭಾಷೆ, ಲಿಪಿ, ಕುಲಗಳು, ಇಪ್ಪತ್ತು ದೇವತೆಗಳು, ಮಾತಿನಲ್ಲಿ ತಪ್ಪಿದರೂ ಪ್ರಾಣಕ್ಕೆ ಕುತ್ತಾಗಬಹುದಾದ ಶ್ರೇಣಿಯ ಸಮಾಜ: ಯುರೋಪಿನ ಕೋಟೆ ಕಾಳಗಗಳನ್ನಷ್ಟೇ ಬಲ್ಲ ಅಮೆರಿಕದ ಹುಡುಗ ಇದನ್ನೆಲ್ಲ ಅರಗಿಸಿಕೊಳ್ಳುವುದಾದರೂ ಹೇಗೆ? ಬಾರ್ಕರ್ ಪಾಠ ಹೇಳಲು ಹೋಗಲಿಲ್ಲ. ಆಟಗಾರರ ಪಾತ್ರಗಳನ್ನು ದೂರದೇಶದ ಅನಾಗರಿಕರನ್ನಾಗಿಸಿ, ದೋಣಿಯಲ್ಲಿ ಜಕಾಲಾ ಬಂದರಿಗೆ ತಂದಿಳಿಸಿದರು. ವಿದೇಶಿಯರ ಕೇರಿಯಲ್ಲಿ ಬಿಡಾರ, ಕೆಲಸ ಕೊಡುವ ಧಣಿಗಾಗಿ ಕಾಯುವುದು, ಅಲ್ಲಿಯ ನಡವಳಿಕೆಯನ್ನು ಪೆಟ್ಟು ತಿಂದು ಕಲಿಯುವುದು. ಆಟಗಾರನ ಅಜ್ಞಾನ ಪಾತ್ರದ ಅಜ್ಞಾನವೂ ಆದ್ದರಿಂದ ನಟಿಸುವ ಕಷ್ಟವೇ ಉಳಿಯಲಿಲ್ಲ. ಮುಂದೆ ಬಂದ ಉಪಾಯಗಳಲ್ಲಿ ಇದರಷ್ಟು ಚುರುಕಾದವು ಕಡಿಮೆ. ಬಾರ್ಕರ್ ಹೆಸರಿಗೆ ಅಂಟಿದ ಕಳಂಕವನ್ನೂ ಇಲ್ಲಿ ಹೇಳಬೇಕು: 1991ರ ನವ-ನಾಜಿ ಕಾದಂಬರಿಯೊಂದನ್ನು ಗುಪ್ತನಾಮದಲ್ಲಿ ಬರೆದವರು ಅವರೇ ಎಂದು ಟೆಕುಮೆಲ್ ಫೌಂಡೇಶನ್ 2022ರಲ್ಲಿ ಒಪ್ಪಿಕೊಂಡಿತು.

ಇನ್ನೊಂದು ದಾರಿ ಅರೆಮಾಹಿತಿಯದು. ಇಲಿನಾಯ್‌ನ ಜಡ್ಜಸ್ ಗಿಲ್ಡ್ 1976ರಿಂದ ಮಾರಿದ ನಕ್ಷೆಗಳಲ್ಲಿ ಆಟ ನಡೆಸುವವರಿಗೆ ಪೂರ್ತಿ ತುಂಬಿದ ಪ್ರತಿ, ಆಟಗಾರರಿಗೆ ಬಹುಪಾಲು ಖಾಲಿ ಬಿಟ್ಟ ಪ್ರತಿ. 1980ರ ಸುಮಾರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಬೇಸಿಕ್ ಸೆಟ್ ಜೊತೆ ಬರುತ್ತಿದ್ದ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ನಲ್ಲಿ ವದಂತಿಗಳ ಪಟ್ಟಿಯೊಂದಿತ್ತು. ದಾಳ ಹಾಕಿ ಆಟಗಾರನಿಗೆ ಒಂದು ವದಂತಿ ಕೊಡಬೇಕು. ಅವುಗಳಲ್ಲಿ ಕೆಲವು ಸುಳ್ಳು. ಊರಿನವನಿಗೆ ಊರಿನ ಬಗ್ಗೆ ಗೊತ್ತಿರುವುದೂ ಹೀಗೇ ಅಲ್ಲವೇ, ಅರ್ಧ ನಿಜ ಅರ್ಧ ಹರಟೆ.

ಅದೇ 1980ರಲ್ಲಿ ಗ್ರೇಹಾಕ್ ಲೋಕದ ಕೈಪಿಡಿ ಹೊರಬಂತು. 1987ರಲ್ಲಿ ಎಡ್ ಗ್ರೀನ್‌ವುಡ್ ಅವರ ‘ಫರ್ಗಾಟನ್ ರೆಲ್ಮ್ಸ್’ ಪೆಟ್ಟಿಗೆ ಬಂದ ಮೇಲೆ ರಾಜ್ಯ, ರಾಜವಂಶ, ನದಿ, ಹಬ್ಬ ಎಲ್ಲವನ್ನೂ ದಾಖಲಿಸುವ ಗೆಜೆಟಿಯರ್‌ಗಳ ಕಾಲ ಶುರುವಾಯಿತು. ಇವು ಆಟ ನಡೆಸುವವರ ಕಪಾಟನ್ನು ತುಂಬಿದವೇ ಹೊರತು ಆಟಗಾರನಿಗೆ ನೆರವಾದದ್ದು ಅಷ್ಟಕ್ಕಷ್ಟೆ. ಗ್ರೀನ್‌ವುಡ್‌ಗೆ ಒಂದು ಜಾಣ್ಮೆಯಿತ್ತು: ‘ಡ್ರ್ಯಾಗನ್’ ಪತ್ರಿಕೆಯ ತಮ್ಮ ಬರಹಗಳಲ್ಲಿ ವಿವರಗಳನ್ನು ಎಲ್ಮಿನ್‌ಸ್ಟರ್ ಎಂಬ ಮುದಿ ಮಾಂತ್ರಿಕನ ಬಾಯಿಂದ ಹೇಳಿಸುತ್ತಿದ್ದರು. ಮುದುಕ ತಪ್ಪಿರಬಹುದು, ಆದ್ದರಿಂದ ಆಟ ನಡೆಸುವವನು ಏನನ್ನೂ ಬದಲಿಸಬಹುದು. 1984ರ ‘ಡ್ರ್ಯಾಗನ್‌ಲ್ಯಾನ್ಸ್’ ಕೈಪಿಡಿಯ ಕೆಲಸವನ್ನು ಕಾದಂಬರಿಗೆ ಒಪ್ಪಿಸಿತು. ಓದಿ ಬಂದವರಿಗೆ ಲೋಕ ಗೊತ್ತಿರುತ್ತಿತ್ತು, ಕಥೆ ಮುಗಿಯುವ ಬಗೆಯೂ ಗೊತ್ತಿರುತ್ತಿತ್ತು.

ಗ್ರೆಗ್ ಸ್ಟಾಫರ್ಡ್ 1966ರಿಂದ ಕಟ್ಟುತ್ತ ಬಂದ ಗ್ಲೊರಾಂಥಾ ಲೋಕ ಇವೆಲ್ಲಕ್ಕಿಂತ ಆಳಕ್ಕೆ ಹೋಯಿತು. 1979ರ ‘ಕಲ್ಟ್ಸ್ ಆಫ್ ಪ್ರ್ಯಾಕ್ಸ್’ ಪಂಥಗಳ ವಿವರದ ನಡುವೆ ಒಬ್ಬ ವ್ಯಾಪಾರಿಯ ಪ್ರವಾಸಕಥನವನ್ನು ಹೆಣೆಯಿತು. ನಂತರ 1985ರ ‘ಗಾಡ್ಸ್ ಆಫ್ ಗ್ಲೊರಾಂಥಾ’ದೊಂದಿಗೆ ಬಂದ ಪುಸ್ತಿಕೆಯಲ್ಲಿ ಜಗತ್ತು ಎಲ್ಲಿಂದ ಬಂತು, ಸಾವು ಏಕೆ ಎಂಬಂಥ ಪ್ರಶ್ನೆಗಳಿಗೆ ಬೇರೆಬೇರೆ ಧರ್ಮದ ಪೂಜಾರಿಗಳು ಉತ್ತರಿಸುತ್ತಾರೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ಸುಳ್ಳು. ಆಟಗಾರ ತನ್ನ ಪೂಜಾರಿಯ ಒಂದೆರಡು ಪುಟ ಓದಿದರೆ ಸಾಕು. ಸಿಗುವುದು ಲೋಕದ ಸಮಗ್ರ ಸತ್ಯವಲ್ಲ, ತನ್ನ ಪಾತ್ರ ನಂಬಿ ಬೆಳೆದ ಸತ್ಯ.

ಪರಿಚಯದ ಹೊರೆಯನ್ನೇ ಇಳಿಸಿದವರೂ ಇದ್ದಾರೆ. ಸ್ಯಾಂಡಿ ಪೀಟರ್ಸನ್ ಅವರ ‘ಕಾಲ್ ಆಫ್ ಕ್ಥುಲ್ಹು’ 1981ರಲ್ಲಿ ನಮ್ಮದೇ ಭೂಮಿಯ 1920ರ ದಶಕವನ್ನು ಆರಿಸಿಕೊಂಡಿತು. ಅದರ ಸಾಹಸಗಳಲ್ಲಿ ಆಟಗಾರರ ಕೈಗೆ ಪತ್ರಿಕೆಯ ತುಣುಕು, ಕಾಗದಪತ್ರಗಳನ್ನು ಕೊಡುವ ಪದ್ಧತಿ ಬೆಳೆಯಿತು. 2002ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪ್ರಕಾಶಕ ಸಂಸ್ಥೆ ವಿಜರ್ಡ್ಸ್ ಆಫ್ ದ ಕೋಸ್ಟ್ ಹೊಸ ಲೋಕಕ್ಕಾಗಿ ಸ್ಪರ್ಧೆ ಕರೆದು, ಬಂದ ಸುಮಾರು 11,000 ಪ್ರಸ್ತಾವಗಳಲ್ಲಿ ಕೀತ್ ಬೇಕರ್ ಅವರ ಎಬೆರಾನ್ ಅನ್ನು ಆರಿಸಿತು. 2004ರ ಆ ಪುಸ್ತಕ 320 ಪುಟದ್ದು, ಆದರೂ ತಿಳಿದಿರಲೇಬೇಕಾದ ಹತ್ತು ಸಂಗತಿಗಳನ್ನು ಆರಂಭದಲ್ಲೇ ಹೇಳಿಬಿಟ್ಟಿತು. ಉಳಿದ ಪುಟಗಳನ್ನು ಓದದ ಆಟಗಾರನೂ ಆಡಬಹುದು.

2010ರಲ್ಲಿ ಪ್ರಶ್ನೆಯ ದಿಕ್ಕೇ ತಿರುಗಿತು. ವಿನ್ಸೆಂಟ್ ಬೇಕರ್ ಅವರ ‘ಅಪಾಕಲಿಪ್ಸ್ ವರ್ಲ್ಡ್’ ಲೋಕದ ಬಗ್ಗೆ ಆಟಗಾರರನ್ನೇ ಕೇಳಿ, ಅವರ ಉತ್ತರದಿಂದ ಕಟ್ಟಲು ಹೇಳಿತು. ಮರುವರ್ಷ ಬಂದ ಬೆನ್ ರಾಬಿನ್ಸ್ ಅವರ ‘ಮೈಕ್ರೋಸ್ಕೋಪ್’ನಲ್ಲಿ ಇಡೀ ಇತಿಹಾಸವನ್ನು ಎಲ್ಲರೂ ಕೂಡಿ ಬರೆಯುತ್ತಾರೆ. ಆಟ ಶುರುವಾಗುವ ಮೊದಲು ಒಟ್ಟಿಗೆ ಕುಳಿತು ಮಾತಾಡುವ ‘ಸೆಷನ್ ಜೀರೋ’ ರೂಢಿಗೆ ಬಂತು. ಹಳೆಯ ಕಂಪನಿಗಳೂ ಇದನ್ನು ಕಲಿತವು. ವಿಜರ್ಡ್ಸ್ ಆಫ್ ದ ಕೋಸ್ಟ್‌ನ 2022ರ ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಡೆಲ್’ ಸಂಕಲನಕ್ಕೆ ಕೋಲ್ಕತ್ತಾ ಮೂಲದ ಲೇಖಕಿ ಮಿಮಿ ಮಂಡಲ್ ಬರೆದ ಸಾಹಸ ಬಂಗಾಳವನ್ನು ನೆನಪಿಸುವ ಶಂಖಭೂಮಿಯಲ್ಲಿ ನಡೆಯುತ್ತದೆ. ಆ ನಾಡಿನ ಪರಿಚಯದ ಜೊತೆಗೆ, ಅಲ್ಲಿಯ ಪಾತ್ರವನ್ನು ಆರಿಸಿಕೊಂಡವರಿಗೆ ಕೇಳಬೇಕಾದ ಪ್ರಶ್ನೆಗಳನ್ನೂ ಪುಸ್ತಕ ಕೊಡುತ್ತದೆ.

ಆಟ ಆಡುವುದನ್ನೇ ತೋರಿಸುವ, 2015ರಿಂದ ಪ್ರಸಾರವಾಗುತ್ತಿರುವ ‘ಕ್ರಿಟಿಕಲ್ ರೋಲ್’ ಕಾರ್ಯಕ್ರಮ ಪರಿಸ್ಥಿತಿಯನ್ನು ಇನ್ನೊಮ್ಮೆ ತಲೆಕೆಳಗು ಮಾಡಿದೆ. ಮ್ಯಾಥ್ಯೂ ಮರ್ಸರ್ ಕಟ್ಟಿದ ಎಕ್ಸಾಂಡ್ರಿಯಾ ಲೋಕದ ಕೈಪಿಡಿಗಳು 2017 ಮತ್ತು 2020ರಲ್ಲಿ ಅಂಗಡಿಗೆ ಬರುವಷ್ಟರಲ್ಲಿ, ಕೊಳ್ಳುವವರಲ್ಲಿ ಅನೇಕರು ನೂರಾರು ಗಂಟೆ ಆಟ ನೋಡಿ ಮುಗಿಸಿದ್ದರು. ಅಂಥವರನ್ನು ಮೇಜಿಗೆ ಕರೆದ ಹೊಸಬ ನಿರ್ವಾಹಕನಿಗೆ ಆ ಲೋಕ ಅವರಷ್ಟು ಗೊತ್ತಿರಬೇಕೆಂದಿಲ್ಲ.