ಟೈಟಾನಿಯಂ: ಆಮ್ಲಜನಕದಿಂದ ಬಿಡಿಸಿಕೊಂಡ ಲೋಹ

ಭೂಮಿಯ ಹೊರಪದರದಲ್ಲಿ ತಾಮ್ರ, ಸತು, ಸೀಸ ಮೂರನ್ನೂ ಕೂಡಿಸಿದರೆ ಎಷ್ಟಾಗುತ್ತದೋ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಟೈಟಾನಿಯಂ ಇದೆ. ಆದರೂ ಅದು ಶುದ್ಧ ಲೋಹವಾಗಿ ನಮ್ಮ ಕೈಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಆಮ್ಲಜನಕ ಅದನ್ನು ಅಷ್ಟು ಬಿಗಿಯಾಗಿ ಹಿಡಿದಿಟ್ಟಿತ್ತು.

1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಪಾದ್ರಿ ವಿಲಿಯಂ ಗ್ರೆಗರ್ ಕಪ್ಪು ಮರಳಿನಲ್ಲಿ ಹೊಸ ಧಾತುವಿನ ಆಕ್ಸೈಡ್ ಗುರುತಿಸಿದರು. 1795ರಲ್ಲಿ ಜರ್ಮನಿಯ ಕ್ಲಾಪ್‌ರೋತ್ ರುಟೈಲ್ ಖನಿಜದಲ್ಲಿ ಅದನ್ನೇ ಕಂಡು ಹೆಸರಿಟ್ಟರು. ಲೋಹ ಮಾತ್ರ ಸಿಗಲಿಲ್ಲ. ಕಬ್ಬಿಣದ ಕುಲುಮೆಯ ಕಿಟ್ಟದಲ್ಲಿ ದೊರೆತ ತಾಮ್ರವರ್ಣದ ಹರಳುಗಳೇ ಟೈಟಾನಿಯಂ ಎಂದು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವೊಲಾಸ್ಟನ್ ನಂಬಿದ್ದರು. ಅವು ಸಾರಜನಕ, ಇಂಗಾಲ ಬೆರೆತ ಸಂಯುಕ್ತವೆಂದು 1849ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ವ್ಯೋಲರ್ ತೋರಿಸಿಕೊಟ್ಟರು. ಕಾಯಿಸಿದರೆ ಸಾರಜನಕದಲ್ಲೂ ಉರಿಯುವ ಧಾತು ಇದು. ತೆರೆದ ಕುಲುಮೆಯಲ್ಲಿ ಶುದ್ಧವಾಗಿ ಉಳಿಯುವುದಾದರೂ ಹೇಗೆ?

1910ರಲ್ಲಿ ಅಮೆರಿಕದಲ್ಲಿ ಮ್ಯಾಥ್ಯೂ ಹಂಟರ್, ಟೈಟಾನಿಯಂ ಮತ್ತು ಕ್ಲೋರಿನ್ ಕೂಡಿದ ಸಂಯುಕ್ತವಾದ ಟೈಟಾನಿಯಂ ಟೆಟ್ರಾಕ್ಲೋರೈಡನ್ನು ಸೋಡಿಯಂ ಜೊತೆ ಕಾಯಿಸಿ ಶೇ. 99.9ರಷ್ಟು ಶುದ್ಧ ಲೋಹ ಪಡೆದರು. ಕಾರ್ಖಾನೆಗೆ ಒಗ್ಗುವ ದಾರಿ ತೋರಿದವರು ಲಕ್ಸೆಂಬರ್ಗಿನ ವಿಲ್ಹೆಲ್ಮ್ ಕ್ರೋಲ್. ಮುಚ್ಚಿದ ಉಕ್ಕಿನ ಪಾತ್ರೆ, ಒಳಗೆ ಆರ್ಗಾನ್ ಅನಿಲ, ತಳದಲ್ಲಿ ಕರಗಿದ ಮೆಗ್ನೀಸಿಯಂ. ಅದರ ಮೇಲೆ ಟೆಟ್ರಾಕ್ಲೋರೈಡನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಕ್ಲೋರಿನ್ ಮೆಗ್ನೀಸಿಯಂ ಕಡೆ ಹೋಗುತ್ತದೆ. ತೂತುತೂತಾದ ಬೂದು ಬಣ್ಣದ ಟೈಟಾನಿಯಂ ಗಟ್ಟಿ ಉಳಿಯುತ್ತದೆ. ಇದೇ 'ಸ್ಪಂಜ್'. ಅದನ್ನು ಒಡೆದು, ನಿರ್ವಾತದಲ್ಲಿ ಮತ್ತೆ ಕರಗಿಸಬೇಕು. 1948ರಲ್ಲಿ ಡ್ಯೂಪಾಂಟ್ ಕಂಪನಿ ಹೀಗೆ ಮಾಡಿದ ಲೋಹವನ್ನು ಮಾರುಕಟ್ಟೆಗೆ ತಂದಿತು.

ನನ್ನ ಮಟ್ಟಿಗೆ ಈ ಲೋಹದ ದೊಡ್ಡ ಬೆರಗು ಇಲ್ಲಿದೆ: ತಯಾರಿಕೆಯಲ್ಲಿ ಕಾಡುವ ಆಮ್ಲಜನಕವೇ ಬಳಕೆಯಲ್ಲಿ ಕಾಯುತ್ತದೆ. ಗಾಳಿ ಸೋಕಿದೊಡನೆ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀರಿದರೆ ಮತ್ತೆ ಕೂಡಿಕೊಳ್ಳುತ್ತದೆ. ಹೀಗಾಗಿ ಸಮುದ್ರದ ನೀರೂ ಅದನ್ನು ತಿನ್ನಲಾರದು. ಲೋಹದೊಳಗೆ ಸೇರಿದ ಆಮ್ಲಜನಕದ ಅಳತೆಯೂ ಮುಖ್ಯ. ಶುದ್ಧ ಟೈಟಾನಿಯಂನ ಒಂದನೇ ದರ್ಜೆಯಲ್ಲಿ ಅದರ ಮಿತಿ ಶೇ. 0.18, ನಾಲ್ಕನೆಯದರಲ್ಲಿ ಶೇ. 0.40. ಇಷ್ಟೇ ವ್ಯತ್ಯಾಸಕ್ಕೆ ಬಲ ಇಮ್ಮಡಿಗೂ ಮಿಗುತ್ತದೆ, ಬಾಗುವ ಗುಣ ತಗ್ಗುತ್ತದೆ.

ಘನ ಸೆಂಟಿಮೀಟರಿಗೆ 4.5 ಗ್ರಾಂ ಸಾಂದ್ರತೆ, ಅಂದರೆ ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು. ಕರಗುವುದು 1668 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಯೂಮಿನಿಯಂ, ವನೇಡಿಯಂ ಬೆರೆಸಿದ ಮಿಶ್ರಲೋಹ ಜೆಟ್ ಎಂಜಿನ್ನುಗಳನ್ನು ಹೊಕ್ಕಿತು. 1952ರಲ್ಲಿ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಮೊಲದ ಕಾಲೆಲುಬಿನಲ್ಲಿ ಇಟ್ಟ ಟೈಟಾನಿಯಂ ಉಪಕರಣ ಎಲುಬಿಗೇ ಅಂಟಿಕೊಂಡು ಬಿಡಿಸಲು ಬರದಂತಾಯಿತು. ಇದೇ ಗುಣವನ್ನು ಬಳಸಿ ಅವರು 1965ರಲ್ಲಿ ಮೊದಲ ರೋಗಿಯ ದವಡೆಗೆ ಹಲ್ಲಿನ ಇಂಪ್ಲಾಂಟ್ ಕೂಡಿಸಿದರು.

ನಮ್ಮಲ್ಲಿ ಕೇರಳದ ಚವರದ ಕಪ್ಪು ಮರಳಿನಲ್ಲಿ ಟೈಟಾನಿಯಂ ಅದಿರಾದ ಇಲ್ಮೆನೈಟ್ ಸಮೃದ್ಧ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯದ ತಂತ್ರಜ್ಞಾನದಿಂದ ಚವರದಲ್ಲೇ ಸ್ಪಂಜ್ ಕಾರ್ಖಾನೆ 2011ರಲ್ಲಿ ಆರಂಭವಾಯಿತು. ಆದರೆ ಜಗತ್ತಿನಲ್ಲಿ ಅಗೆಯುವ ಅದಿರಿನ ಬಹುಪಾಲು ಈಗಲೂ ಲೋಹವಾಗದೆ ಬಿಳಿ ಬಣ್ಣದ ಪುಡಿಯಾಗಿ ಪೇಂಟಿಗೆ ಹೋಗುತ್ತದೆ. ಕರಗಿದ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ವಿದ್ಯುತ್ ಹಾಯಿಸಿ ಆಕ್ಸೈಡಿನಿಂದ ನೇರವಾಗಿ ಆಮ್ಲಜನಕ ಕೀಳುವ ವಿಧಾನವನ್ನು ಕೇಂಬ್ರಿಜ್ ಸಂಶೋಧಕರು 2000ದಲ್ಲಿ ಪ್ರಕಟಿಸಿದರು. ಕ್ರೋಲ್ ವಿಧಾನವನ್ನು ಅದು ಇನ್ನೂ ಬದಿಗೆ ಸರಿಸಿಲ್ಲ.