ಒಂದೇ ಬದು, ಎರಡು ಉಸಿರು

ಕಾಂಗ್ರೆಸ್ ಗಿಡ ಇಲ್ಲದ ಬದು ಕಂಡವರು ನಮ್ಮೂರು ಹರಿಯಬ್ಬೆಯಲ್ಲಿ ಈಗ ಮುದುಕರೇ. ನಮ್ಮವ್ವ ಅವರಲ್ಲೊಬ್ಬಳು. ಅವಳು ಹುಡುಗಿಯಾಗಿದ್ದಾಗ ಬದುವಿನ ಮೇಲೆ ತುಂಬೆ, ಉತ್ತರಾಣಿ, ತಂಗಡಿ ಇದ್ದವಂತೆ. ಅಮೆರಿಕ ಖಂಡದ ಈ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದ ನಡುವೆ. ಆಮೇಲೆ ಲಾರಿ ಚಕ್ರ, ಗೊಬ್ಬರ, ಹರಿಯುವ ನೀರು ಹಿಡಿದು ಬಯಲುಸೀಮೆಯನ್ನೆಲ್ಲ ತುಂಬಿತು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆ ತಿಂಗಳಲ್ಲಿ ಎಲೆ ಮೇಯುವ ಅದು ಬೇಸಿಗೆಯಲ್ಲಿ ಮಣ್ಣೊಳಗೆ ಅಡಗುತ್ತದೆ.

ಶೇಂಗಾ ಹೊಲದಲ್ಲಿ ಅವ್ವ, ಚಿಗವ್ವ ಒಂದೇ ಸಾಲು ಹಿಡಿದು ಈ ಕಳೆ ಕಿತ್ತವರು. ಅವ್ವನಿಗೆ ಸೀನು, ಕಣ್ಣುರಿ, ಅಷ್ಟೇ. ಚಿಗವ್ವನಿಗೆ ರಾತ್ರಿ ದಮ್ಮು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. “ನಿನಗೂ ಅದೇ ಗಾಳಿ, ನನಗೂ ಅದೇ ಗಾಳಿ. ನನಗ್ಯಾಕಕ್ಕ ಹಿಂಗೆ?” ಊರು ಹಣೆಬರಹ ಎಂದಿತು. ಆ ಉತ್ತರ ನನಗೆ ಎಂದೂ ಒಪ್ಪಿಗೆಯಾಗಲಿಲ್ಲ.

ಬೆಂಗಳೂರಿನ ರೋಗಿಗಳ ಮೇಲೆ ನಡೆದ, 1991ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಮೂಗಿನ ಅಲರ್ಜಿಯವರ ಪೈಕಿ ಶೇ 34, ಆಸ್ತಮಾದವರ ಪೈಕಿ ಶೇ 12 ಮಂದಿಗೆ ಮಾತ್ರ ಈ ಗಿಡದ ಪರಾಗಕ್ಕೆ ಚರ್ಮದಲ್ಲಿ ಗಂದೆ ಎದ್ದಿತ್ತು. ದಮ್ಮಿನವರೆಲ್ಲರ ಕಷ್ಟವನ್ನೂ ಒಂದೇ ಗಿಡದ ತಲೆಗೆ ಕಟ್ಟಲಾಗದು. ಹಾಸಿಗೆಯ ದೂಳಿನ ನುಸಿ, ಬೂಷ್ಟು, ಜಿರಳೆ, ಒಲೆಯ ಹೊಗೆ ಎಲ್ಲವೂ ಇವೆ.

ಚರ್ಮದ ಪರೀಕ್ಷೆಗೆ ದಾರಿ ತೋರಿದವರು ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲಾಕ್ಲಿ. ತಮ್ಮದೇ ತೋಳು ಗೀರಿ ಹುಲ್ಲಿನ ಪರಾಗ ಸವರಿಕೊಂಡು 1873ರಲ್ಲಿ ಪುಸ್ತಕ ಬರೆದರು. ಈಗ ಒಂದು ಹನಿ, ಒಂದು ಚುಚ್ಚು, ಹದಿನೈದು ನಿಮಿಷ. ಗಂದೆ 3 ಮಿಲಿಮೀಟರ್ ಇಲ್ಲವೇ ಹೆಚ್ಚಿದ್ದರೆ ಮೈ ಅದಕ್ಕೆ ಸಿಡಿಯುತ್ತದೆಂದು ಲೆಕ್ಕ. ದಮ್ಮಿಲ್ಲದವರಿಗೂ ಅದು ಏಳುತ್ತದೆ. ಆದ್ದರಿಂದಲೇ ಉಸಿರು ಅಳೆಯುವ ಯಂತ್ರಕ್ಕೂ ಊದಿಸಿ ನೋಡಬೇಕು. ಲಂಡನ್ನಿನ ಜಾನ್ ಹಚಿನ್ಸನ್ 1846ರಲ್ಲಿ ಉಸಿರಿನ ಅಳತೆಯನ್ನು ಶಾಸ್ತ್ರವಾಗಿಸಿದರು. ಆಸ್ತಮಾದಲ್ಲಿ ಮೊದಲ ಸೆಕೆಂಡಿನ ಗಾಳಿ ಕುಗ್ಗಿ, ಔಷಧದ ಪಂಪ್ ಎಳೆದ ಮೇಲೆ ಮತ್ತೆ ಏರುತ್ತದೆ. 200 ಮಿಲಿಲೀಟರ್, ಜತೆಗೆ ಶೇ 12 ಏರಿಕೆ ಬಹುಕಾಲ ನಡೆದುಬಂದ ಗುರುತು. ದಮ್ಮು ಇಳಿದ ದಿನ ಊದಿಸಿದರೆ ಅದೇ ರೋಗಿ ಎಲ್ಲರಂತೆ ಊದಿಯಾರು.

ಚಿತ್ರದುರ್ಗದಲ್ಲಿ ಅವ್ವ, ಚಿಗವ್ವ ಇಬ್ಬರಿಗೂ ಎರಡೂ ಪರೀಕ್ಷೆ ಮಾಡಿಸಿದೆ. ಕಾಂಗ್ರೆಸ್ ಗಿಡಕ್ಕೆ ದೊಡ್ಡ ಗಂದೆ ಎದ್ದದ್ದು ಅವ್ವನ ತೋಳಲ್ಲಿ. ಊದಿದ್ದು ಮಾತ್ರ ತುಂಬು ಉಸಿರು. ಚಿಗವ್ವನಿಗೆ ಗಂದೆ ಎದ್ದದ್ದು ದೂಳಿನ ನುಸಿಗೆ. ಪಂಪ್ ಎಳೆದ ಮೇಲೆ ಅವಳ ಉಸಿರಿನ ಗೆರೆ ಮೇಲಕ್ಕೆ ಹೋಯಿತು. “ಮೊದಲೇ ಊದಿಸಿದ್ರೆ ಇಷ್ಟು ವರ್ಷ ಕೂತು ಬೆಳಗು ಮಾಡೋದು ತಪ್ತಿತ್ತಲ್ಲಪ್ಪ” ಅಂದಳು.