ತೆಂಗು ಸೀಮೆಯ ಮಾರಾಟ ತೆರಿಗೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು-ಕೊಬ್ಬರಿ ವಹಿವಾಟಿನ ಮೇಲೂ ಅಲ್ಲಿನ ಮನೆಗಳ ದಿನಬಳಕೆಯ ಖರೀದಿಯ ಮೇಲೂ ಬಿದ್ದ ತೆರಿಗೆಯ ಚರಿತ್ರೆ. ಇಲ್ಲಿ ಒಂದೇ ಮರದ ಫಲ ಎಳನೀರಾಗಿ, ಕಾಯಾಗಿ, ಕೊಬ್ಬರಿಯಾಗಿ, ಎಣ್ಣೆಯಾಗಿ ಮಾರಾಟವಾಗುತ್ತದೆ. ತೆರಿಗೆ ಯಾವ ಹಂತದಲ್ಲಿ ಶುರುವಾಗಬೇಕು ಎಂಬ ಪ್ರಶ್ನೆಗೆ ಕಾನೂನು ಕಾಲಕಾಲಕ್ಕೆ ಕೊಟ್ಟ ಉತ್ತರವೇ ಈ ಚರಿತ್ರೆಯ ತಿರುಳು.

1935ರ ಭಾರತ ಸರ್ಕಾರ ಕಾಯ್ದೆ ಮಾರಾಟದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿತು. ರಾಜಾಜಿಯವರ ಮದ್ರಾಸ್ ಸರ್ಕಾರ 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ತಂದಿತು. ಮೈಸೂರು ಸಂಸ್ಥಾನದ ಕಾಯ್ದೆ ಬಂದದ್ದು 1948ರಲ್ಲಿ. ಏಕೀಕರಣದ ಬಳಿಕ ಬೇರೆಬೇರೆ ಪ್ರದೇಶಗಳ ಕಾಯ್ದೆಗಳನ್ನು ಒಂದುಗೂಡಿಸಿ 1957ರ ಮೈಸೂರು ಮಾರಾಟ ತೆರಿಗೆ ಕಾಯ್ದೆ ರೂಪುಗೊಂಡಿತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ ಕಾಯ್ದೆಯ ಹೆಸರೂ ಬದಲಾಯಿತು. ಊರ ಬಾಗಿಲಲ್ಲಿ ವಸೂಲಾಗುತ್ತಿದ್ದ ಆಕ್ಟ್ರಾಯ್ 1979ರಲ್ಲಿ ಹೋಗಿ ಪ್ರವೇಶ ತೆರಿಗೆ ಬಂತು. ಎಪಿಎಂಸಿ ಸೆಸ್ ಇವೆಲ್ಲಕ್ಕಿಂತ ಬೇರೆ: ಅದು ಖರೀದಿದಾರ ಕೊಡುವ ಮಾರುಕಟ್ಟೆ ಶುಲ್ಕ.

ತಿಪಟೂರಿನ ವರ್ತಕರನ್ನು ಹೆಚ್ಚು ತಟ್ಟಿದ್ದು 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿಯ ದೊಡ್ಡ ಪಾಲು ಉತ್ತರ ಭಾರತಕ್ಕೆ ರವಾನೆಯಾಗುತ್ತದೆ. ಗಡಿ ದಾಟುವ ಸರಕಿಗೆ ಕೇಂದ್ರ ತೆರಿಗೆ, ಅದರ ರಿಯಾಯಿತಿ ದರಕ್ಕೆ ಕೊಳ್ಳುವವರಿಂದ ‘ಸಿ ಫಾರಂ’ ತರಿಸಿಕೊಳ್ಳುವ ಪಾಡು ಮಂಡಿಯ ದಿನಚರಿಯಾಯಿತು. ಇದೇ ಕಾಯ್ದೆ ಕೊಬ್ಬರಿಯನ್ನು ಎಣ್ಣೆಬೀಜಗಳ ಪಟ್ಟಿಗೆ ಸೇರಿಸಿ, ಎಳನೀರನ್ನು ಹೊರಗಿಟ್ಟಿತು. ಪಟ್ಟಿಯಲ್ಲಿದ್ದ ಸರಕಿಗೆ ರಾಜ್ಯಗಳು ಒಂದೇ ಹಂತದಲ್ಲಿ, ಮಿತಿಯೊಳಗೆ ಮಾತ್ರ ತೆರಿಗೆ ಹಾಕಬಹುದಿತ್ತು. 1975ರಲ್ಲಿ ಆ ಮಿತಿ ಶೇ. 4 ಆಯಿತು. ಕೇರಳದ ಕೊಬ್ಬರಿ ಹೆಚ್ಚಾಗಿ ಗಾಣಕ್ಕೆ ಹೋದರೆ ತಿಪಟೂರಿನ ಉಂಡೆ ಕೊಬ್ಬರಿ ತಿನ್ನುವುದಕ್ಕೆ, ಸಿಹಿತಿಂಡಿಗೆ, ಪೂಜೆಗೆ ಹೋಗುತ್ತದೆ. ಆದರೂ ಲೆಕ್ಕದ ಪುಸ್ತಕದಲ್ಲಿ ಅದು ಎಣ್ಣೆಬೀಜವೇ. ಈ ಸೀಮೆಯ ಬೆಳೆಯ ನಿಜ ಸ್ವರೂಪವನ್ನು ಕಾನೂನು ಗುರುತಿಸಲಿಲ್ಲ ಎಂದೇ ಹೇಳಬೇಕು.

ಕಾಯಿ ಮತ್ತು ಕೊಬ್ಬರಿ ಒಂದೇ ಸರಕೋ ಎರಡೋ ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಂಧ್ರಪ್ರದೇಶದ ವರ್ತಕರ ಶ್ರೀ ಸಿದ್ಧಿವಿನಾಯಕ ಕೋಕೋನಟ್ ಕಂಪನಿ ಮೊಕದ್ದಮೆಯಲ್ಲಿ, ನೀರಿರುವ ಕಾಯಿ ಬೇರೆ, ಒಣಗಿದ ಕಾಯಿ ಬೇರೆ ಎಂದು 1974ರಲ್ಲಿ ತೀರ್ಪು ಬಂತು.

ಹಳೆಯ ಪದ್ಧತಿಯಲ್ಲಿ ಕಚ್ಚಾ ಸರಕಿಗೆ ಕೊಟ್ಟ ತೆರಿಗೆ ಸಿದ್ಧ ವಸ್ತುವಿನ ಬೆಲೆಯೊಳಗೆ ಸೇರಿ, ಅದರ ಮೇಲೆ ಮತ್ತೆ ತೆರಿಗೆ ಬೀಳುತ್ತಿತ್ತು. 2005ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಜಾರಿಯಾದ ವ್ಯಾಟ್, ಖರೀದಿಯಲ್ಲಿ ಕೊಟ್ಟದ್ದನ್ನು ಮಾರಾಟದ ತೆರಿಗೆಯಲ್ಲಿ ಕಳೆಯಲು ಬಿಟ್ಟಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಕಾಯಿಗೆ ತೆರಿಗೆ ಇಲ್ಲ, ಕೊಬ್ಬರಿಗೆ ಶೇ. 5, ಕೊಬ್ಬರಿ ಎಣ್ಣೆಗೆ ಶೇ. 5 ಎಂದಾಯಿತು. ತನ್ನ ತೋಟದ ಬೆಳೆ ಮಾರುವ ರೈತ ನೋಂದಾಯಿಸಿಕೊಳ್ಳಬೇಕಿಲ್ಲ. ತೆರಿಗೆ ಕಟ್ಟುವ ಹೊಣೆ ನೋಂದಾಯಿತ ವರ್ತಕನದು. ರಸೀದಿಯಿಲ್ಲದ ‘ಬಿಳಿ ಚೀಟಿ’ ವ್ಯವಹಾರದಲ್ಲಿ ಸರ್ಕಾರಕ್ಕೆ ತೆರಿಗೆ ತಪ್ಪುವುದಷ್ಟೇ ಅಲ್ಲ, ತೂಕದಲ್ಲೋ ದರದಲ್ಲೋ ಮೋಸವಾದರೆ ತೋರಿಸಲು ರೈತನ ಕೈಯಲ್ಲಿ ಪುರಾವೆಯೂ ಉಳಿಯುವುದಿಲ್ಲ. ಈ ಎರಡನೆಯ ನಷ್ಟವೇ ದೊಡ್ಡದು.

ಅಂಗಡಿಯಲ್ಲಿ ಕೊಳ್ಳುವವರು ತಪ್ಪುವುದು ಲೆಕ್ಕ ಹಾಕುವ ಕ್ರಮದಲ್ಲಿ. ಪೊಟ್ಟಣದ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಕೇಳುವಂತಿಲ್ಲ. ಉದಾಹರಣೆಗೆ ಎಣ್ಣೆಯ ಡಬ್ಬಿಗೆ 420 ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ. 5ರಂತೆ 21 ರೂಪಾಯಿ ತೆರಿಗೆ ಎನ್ನುವುದು ತಪ್ಪು. 420ನ್ನು 5ರಿಂದ ಗುಣಿಸಿ 105ರಿಂದ ಭಾಗಿಸಬೇಕು: ತೆರಿಗೆ 20, ಮೂಲಬೆಲೆ 400. ಆ 20ರಲ್ಲಿ ಕೇಂದ್ರಕ್ಕೆ 10, ರಾಜ್ಯಕ್ಕೆ 10. ತೆರಿಗೆ ಸೇರದ ದರಕ್ಕಾದರೆ ಲೆಕ್ಕ ನೇರ: 20,000 ರೂಪಾಯಿಯ ಕೊಬ್ಬರಿಗೆ ವರ್ತಕನ ಬಿಲ್ಲಿನಲ್ಲಿ 1,000 ಸೇರುತ್ತದೆ. ಮಾಲು ದೆಹಲಿಗೆ ಹೋದರೆ ಆ ಸಾವಿರವೂ ಐಜಿಎಸ್‌ಟಿ ಎಂಬ ಒಂದೇ ಸಾಲಿನಲ್ಲಿ ಬರುತ್ತದೆ.

ಸಣ್ಣ ಸೀಸೆಯ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಗೆ ಹಚ್ಚುವುದೋ ಎಂಬ ತಗಾದೆ ಹಲವು ವರ್ಷ ನಡೆಯಿತು. ಕೇಶತೈಲಕ್ಕೆ ಜಿಎಸ್‌ಟಿ ಶೇ. 18 ಇದ್ದುದರಿಂದ ಉತ್ತರಕ್ಕೆ ಬೆಲೆಯಿತ್ತು. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. 2024ರ ಡಿಸೆಂಬರ್ 18ರಂದು ತ್ರಿಸದಸ್ಯ ಪೀಠ, ಸೀಸೆ ಸಣ್ಣದೆಂಬ ಒಂದೇ ಕಾರಣಕ್ಕೆ ಅದು ಕೇಶತೈಲವಾಗದು ಎಂದು ತೀರ್ಮಾನಿಸಿತು. ತೆಂಗು ಸೀಮೆಯ ಅಡುಗೆಮನೆ ಬಲ್ಲವರಿಗೆ ಇದು ಸಹಜ ನ್ಯಾಯ. 2025ರ ಸೆಪ್ಟೆಂಬರ್ 22ರಿಂದ ಕೇಶತೈಲದ ದರವೂ ಶೇ. 5ಕ್ಕೆ ಇಳಿದು ಆ ಅಂತರವೇ ಹೋಯಿತು. ಪೊಟ್ಟಣದ ಎಳನೀರಿನ ದರ ಶೇ. 12ರಿಂದ 5ಕ್ಕೆ ಬಂತು. ಗಾಡಿಯ ಬಳಿ ಕೊಚ್ಚಿ ಕೊಡುವ ಎಳನೀರಿಗೆ ಮೊದಲಿನಂತೆ ತೆರಿಗೆ ಇಲ್ಲ.